ರಾಖಿ ಕಟ್ಟಿಸಿದ ಪಂಚಾಯ್ತಿ

ಕುವೈತಿನಲ್ಲಿ ಪ್ರೀತಿ ಮಾಡುವುದು ಸುಲಭವಲ್ಲ. ಪಾರ್ಕಿಗೆ ಹೋದರೆ ಸೆಖೆ, ಸಮುದ್ರದ ದಂಡೆಗೆ ಹೋದರೆ ಯಾರಾದರೊಬ್ಬ ಕನ್ನಡದ ಅಂಕಲ್ ವಾಕಿಂಗ್ ಮಾಡುತ್ತಿರುತ್ತಾರೆ. ಹಾಗಾಗಿ ಹನ್ನೊಂದನೆಯ ಕ್ಲಾಸಿನಲ್ಲಿದ್ದಾಗ ನನ್ನ ಪ್ರೀತಿ ಎಗೈಲಾದ ಮಾಲೊಂದರ ಫುಡ್ ಕೋರ್ಟಿನಲ್ಲಿ, ಒಂದು ಪ್ಲೇಟ್ ಫ್ರೆಂಚ್ ಫ್ರೈಸ್ ಎದುರು ನಡೆಯಿತು. ಹುಡುಗ ನನ್ನದೇ ಕ್ಲಾಸು. ಮೈಸೂರು ಕಡೆಯವರು, ತಂದೆ ಜಾಬ್ರಿಯಾದಲ್ಲಿ ಡಾಕ್ಟರು. ನಾವು ಧಾರವಾಡದವರು, ಅಪ್ಪ ತೈಲ ಕಂಪನಿಯೊಂದರಲ್ಲಿ ಟೆಕ್ನಿಷಿಯನ್.

ಮೊದಮೊದಲು ಅವನು ನನ್ನ ಫೋನ್ ನೋಡಲು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ, ನೋಡುವುದನ್ನು ಬಿಡಲಿಲ್ಲ. ಯಾರ ಜೊತೆ ನಗಬೇಕು, ಎಷ್ಟು ನಗಬೇಕು ಎಂಬುದಕ್ಕೂ ಕಾನೂನು ಬಂತು. ಎಷ್ಟೊಂದು ಪೊಸೆಸಿವ್ ಅಂತ ನನ್ನ ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು, ಪುಣ್ಯಾತ್ಗಿತ್ತಿಯರು! ಒಂದು ಸಂಜೆ ಟ್ಯೂಷನ್ ಬಿಟ್ಟು ಹೊರಬರುವಾಗ ನಾನು ಬೇರೊಬ್ಬ ಹುಡುಗನ ಮಾತಿಗೆ ನಕ್ಕೆನೆಂದು ಮುಂಗೈ ಹಿಡಿದು ತಿರುಚಿದ. ಬೆರಳಿನ ಗುರುತು ನೀಲಿಗಟ್ಟಿತು.

ಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳ ಮೊದಲ ಪ್ರಶ್ನೆ, "ಯಾರರ ನೋಡಿದ್ರೇನು?" ನೋವಾಯಿತೇ ಎಂಬುದು ಆಮೇಲೆ ಬಂತು, ಅದೂ ಅರಿಶಿನ ಹಚ್ಚುವಾಗ.

ಅಪ್ಪನಿಗೆ ಇನ್ನೊಂದೇ ದಿಗಿಲು. "ಪೊಲೀಸು ಗಿಲೀಸು ಅಂತ ಹೋದ್ರ ಇಕಾಮಾ ಹೋಗ್ತದ, ಇಲ್ಲಿರೂದ ಖಲಾಸ್. ಇನ್ನೊಂದ್ ಸಲ ಇಂಥಾ ಸುದ್ದಿ ಬಂದ್ರ ಸಾಲಿ ಬಿಡಿಸಿ ಧಾರವಾಡಕ್ಕ ನಿಮ್ಮ ಮಾಮಾನ ಮನಿಗೆ ಕಳಸ್ತೀನಿ, ನೆನಪಿಟ್ಕೊ."

ಕೈ ತಿರುಚಿದವನು ಅವನು, ಗಂಟುಮೂಟೆ ಕಟ್ಟಬೇಕಾದವಳು ನಾನು. ಆಹಾ, ಏನು ನ್ಯಾಯ! ಹನ್ನೆರಡನೆಯ ಕ್ಲಾಸು ಮುಗಿಸುವುದೊಂದೇ ಆಗ ನನಗೆ ಬೇಕಾಗಿದ್ದದ್ದು.

ಅಲ್ಲಿನ ಕನ್ನಡದವರ ಮನೆಜಗಳಗಳನ್ನು ಬಗೆಹರಿಸಲು ಒಬ್ಬ ಹಿರಿಯರಿದ್ದರು. ಮಿರ್ಕಾಬಿನಲ್ಲಿ ಆಫೀಸು, ಶುಕ್ರವಾರ ಪಂಚಾಯ್ತಿ. ಅಪ್ಪ ಫೋನ್ ಮಾಡಿದ ಮೇಲೆ ಅವರು ಡಾಕ್ಟರ ಸಂಸಾರವನ್ನು ಕರೆದುಕೊಂಡು ನಮ್ಮ ಫ್ಲ್ಯಾಟಿಗೆ ಬಂದರು. ಅವ್ವ ಗಿರಮಿಟ್ ಮಾಡಿದ್ದಳು.

"ನೋಡಿ ಸಾರ್, ವಯಸ್ಸಿನ ಮಕ್ಕಳು ಅಂದ್ಮೇಲೆ ಇವೆಲ್ಲ ಇದ್ದದ್ದೇ," ಎಂದರು ಹಿರಿಯರು, ಗಿರಮಿಟ್ ಅಗಿಯುತ್ತ. "ಹುಡುಗಿ ಕೈಲಿ ಒಂದು ರಾಖಿ ಕಟ್ಟಿಸ್ಬಿಡಿ. ಅಣ್ಣ ತಂಗಿ ಆಗೋದ್ರೆ ಪ್ರಾಬ್ಲಮ್ಮೇ ಇಲ್ಲ."

ಎಲ್ಲರೂ ತಲೆದೂಗಿದರು. ನೂಲಹುಣ್ಣಿಮೆ ಕಳೆದು ಎಷ್ಟೋ ತಿಂಗಳಾಗಿತ್ತು, ರಾಖಿ ಎಲ್ಲಿಂದ ಬರಬೇಕು? ದೇವರ ಮುಂದಿದ್ದ ಕೆಂಪು ದಾರ ಬಂತು. ನೀಲಿಗಟ್ಟಿದ ಕೈಯಿಂದ, ನೀಲಿಗಟ್ಟಿಸಿದ ಕೈಗೆ ನಾನು ದಾರ ಕಟ್ಟಿದೆ. ಹಿರಿಯರು ಫೋಟೋ ತೆಗೆದರು. ಅವನು ನನಗೊಂದು ಚಾಕೊಲೇಟ್ ಡಬ್ಬಿ ಕೊಟ್ಟ. ಆ ಡಬ್ಬಿಯನ್ನು ಎಲ್ಲರಿಗೂ ಹಂಚಿದ್ದೂ ನಾನೇ.

ಅಂದಿನಿಂದ ಅವನಿಗೆ ಬಡ್ತಿ ಸಿಕ್ಕಿತು. ಲವರ್ ಆಗಿದ್ದಾಗ ಪಾಪ, ಕದ್ದು ಮುಚ್ಚಿ ಕಾಯಬೇಕಿತ್ತು. ಅಣ್ಣನಾದ ಮೇಲೆ ಸೀದಾ ಬೆಲ್ ಒತ್ತಿ ಒಳಗೆ ಬರುತ್ತಿದ್ದ. ನಮ್ಮ ಸೋಫಾದ ಮೇಲೆ ಕೂತು, ನಮ್ಮದೇ ಚಹಾ ಕುಡಿಯುತ್ತ, ನನ್ನ ಫೋನ್ ಓದುತ್ತಿದ್ದ. ಟ್ಯೂಷನ್ನಿನಲ್ಲಿ ನನ್ನನ್ನು ನಗಿಸಿದ ಆ ಹುಡುಗನನ್ನು ಸ್ಕೂಲ್ ಬಸ್ಸಿನ ಹತ್ತಿರ ಹಿಡಿದು ಹೊಡೆದ. "ನನ್ನ ತಂಗಿ ತಂಟೆಗೆ ಬಂದ್ರೆ ಹುಷಾರ್!" ಎಂದದ್ದಕ್ಕೆ ಹುಡುಗರೆಲ್ಲ ಚಪ್ಪಾಳೆ ಹೊಡೆದರು. ನನಗೆ ಭಯವಾಗುತ್ತದೆ ಎಂದರೆ ಅವ್ವ, "ಅಣ್ಣ ಅಂದ ಮ್ಯಾಲ ಕಾಳಜಿ ಇರ್ತದವಾ," ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಒಂದು ದಿನ ನಾನು ಫೋನ್ ಕೊಡಲಿಲ್ಲ. ಅವ್ವ ಚಹಾ ತರುತ್ತಿರುವಾಗಲೇ ಅವನು ಅದೇ ಮುಂಗೈ ಹಿಡಿದು ತಿರುಚಿದ. ನಾನು ಕೂಗಿಕೊಂಡೆ.

"ಬಿಡೋ ತಮ್ಮಾ," ಎಂದಳು ಅವ್ವ.

ಬಿಡಲಿಲ್ಲ. "ಆಂಟಿ, ನಾನ್ ಇವಳ ಅಣ್ಣ. ನೀವೇ ಮಾಡಿದ್ದಲ್ವಾ?"

ಅವ್ವ ಟ್ರೇ ಕೆಳಗಿಟ್ಟಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಾಗಿಲು ತೆರೆದು, ಅವನು ಹೋಗುವವರೆಗೂ ಅಲ್ಲೇ ನಿಂತಳು.

ಮರುದಿನ ಅಪ್ಪನಿಗೆ ಹೇಳದೆ ನನ್ನ ಜೊತೆ ಸ್ಕೂಲಿಗೆ ಬಂದಳು. ಪ್ರಿನ್ಸಿಪಾಲರು ಡಾಕ್ಟರನ್ನೂ ಮಗನನ್ನೂ ಕರೆಸಿದರು. ಡಾಕ್ಟರು ತಕ್ಷಣ ರಾಖಿಯ ಫೋಟೋ ತೋರಿಸಿದರು. ಇದು ಅಣ್ಣ ತಂಗಿಯ ಜಗಳ, ಅಷ್ಟೇ ಅಂದರು. ಪ್ರಿನ್ಸಿಪಾಲರಿಗೂ ಅದೇ ಬೇಕಿತ್ತು. ಹಾಗಿದ್ದರೆ ಮನೆಯ ವಿಷಯ, ಮನೆಯಲ್ಲೇ ಮುಗಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದು ನಿಂತರು. ಮುಗಿಯಿತು, ಧಾರವಾಡವೇ ಗತಿ.

ಅವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಹೌದ್ರಿ, ರಾಖಿ ನಾನ ಕಟ್ಟಿಸೀನಿ. ಅಂದ್ರ ಈ ಹುಡುಗ ನನಗ ಮಗ ಆದ. ಈಗ ತಾಯಿನ ಹೇಳಾಕತ್ತಾಳ, ನನ್ನ ಮಗ ಒಂದ್ ಹುಡುಗಿ ಕೈ ತಿರುವ್ಯಾನ. ಬರಕೋರಿ." ನನ್ನ ಕಡೆ ತಿರುಗಿ, "ಇಂಗ್ಲಿಷ್‌ನ್ಯಾಗ ಹೇಳು. ಒಂದಕ್ಷರ ಬಿಡಬ್ಯಾಡ."

ಒಂದಕ್ಷರ ಬಿಡದೆ ಹೇಳಿದೆ. ಪ್ರಿನ್ಸಿಪಾಲರು ಕೂತು ಬರೆದುಕೊಂಡರು. ಅವನನ್ನು ಸಸ್ಪೆಂಡ್ ಮಾಡಿದರು, ಆಮೇಲೆ ಬೇರೆ ಸೆಕ್ಷನ್ನಿಗೆ ಹಾಕಿದರು.

ಸಂಜೆಯೊಳಗೆ ಹಿರಿಯರು ಅಪ್ಪನಿಗೆ ಫೋನ್ ಮಾಡಿದ್ದರು. ಅಪ್ಪ ಬೂಟು ಬಿಚ್ಚುವ ಮೊದಲೇ ಕೂಗಾಡತೊಡಗಿದರು. "ಮಾನ ಹರಾಜ್ ಹಾಕಿ ಬಂದ್ರಿ ತಾಯಿ ಮಗಳು! ಇಕಿನ್ನ ನಾಳಿನ ಧಾರವಾಡಕ್ಕ ಕಳಸೂದ!"

"ಯಾರ ಮನಿಗೆ? ನಮ್ಮಣ್ಣನ ಮನಿಗೆ?" ಎಂದಳು ಅವ್ವ. "ಒಬ್ಬ ಹುಡುಗನ ಜೋಡಿ ಮಾತಾಡಿದೆ ಅಂತ ಕಾಲೇಜ್ ಗೇಟಿನಿಂದ ಮನಿ ತನಕ ನನ್ನ ಕೈ ಹಿಡದು ಎಳಕೊಂಡ್ ಬಂದಾನ ಅಂವ. ಮರುದಿನದಿಂದ ನನ್ನ ಓದು ಬಂದ್. ನನ್ನ ಮಗಳು ಅಲ್ಲಿಗೆ ಹೋಗಾಂಗಿಲ್ಲ."

ಅಪ್ಪ ಬೂಟಿನ ಲೇಸು ಹಿಡಿದುಕೊಂಡೇ ಕೂತರು. ಧಾರವಾಡದ ಮಾತು ಮತ್ತೆ ಎತ್ತಲಿಲ್ಲ. ನಾನು ಹನ್ನೆರಡನೆಯ ಕ್ಲಾಸು ಕುವೈತಿನಲ್ಲೇ ಮುಗಿಸಿದೆ.

ಚಿಕ್ಕಂದಿನಿಂದಲೂ ಪ್ರತಿ ರಜೆಗೆ ಊರಿಗೆ ಹೋದಾಗ ಆ ಮಾಮಾ ನನ್ನ ಬೆನ್ನು ತಟ್ಟಿ, "ನಿಮ್ಮವ್ವಗ ಓದು ತಲಿಗೆ ಹತ್ತಲಿಲ್ಲ, ನೀನರ ಶಾಣ್ಯಾಕಿ ಆಗು," ಎಂದು ನಗಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು.