ಒಂದು ಹೆಸರಿಗೆ ಒಂದೇ ಹಡಗು

ನನ್ನ ಮಾವ ಮುಂಬಯಿಯ ನೌಕಾಪಡೆ ಡಾಕ್‌ಯಾರ್ಡ್‌ನಲ್ಲಿ ಫಿಟ್ಟರ್ ಆಗಿದ್ದವರು. ಉಡುಪಿಯಿಂದ ಬಂದು ಠಾಣೆಯ ವರ್ತಕ ನಗರದಲ್ಲಿ ಮನೆ ಮಾಡಿದ ಮೇಲೆ ಅವರ ಅರ್ಧ ಆಯುಷ್ಯ ಒಂದೇ ಯುದ್ಧನೌಕೆಯ ರಿಪೇರಿಯಲ್ಲಿ ಕಳೆಯಿತು. ಅದಕ್ಕಿದ್ದದ್ದು ಒಂದು ಊರಿನ ಹೆಸರು. ಯಾವ ಊರೆಂದು ಎಲ್ಲೂ ಬರೆಯಬೇಡ ಎಂದು ನನ್ನ ಮಗ ತಾಕೀತು ಮಾಡಿದ್ದಾನೆ. ಆ ಹಡಗು ಗುಜರಿಗೆ ಹೋದ ಮೇಲೆ ಅದೇ ಹೆಸರಿನಲ್ಲಿ ಹೊಸ ಹಡಗು ಬಂತು. ಅವನೀಗ ಅದರ ಇಂಜಿನ್ ರೂಮಿನಲ್ಲಿದ್ದಾನೆ.

ಕಳೆದ ತಿಂಗಳು ಅವನಿಗೆ ಗಂಡು ಮಗು ಹುಟ್ಟಿತು. ಅವನು ಸಮುದ್ರದಲ್ಲಿದ್ದ, ಫೋನಿಗೂ ಸಿಗುತ್ತಿರಲಿಲ್ಲ. ಮಗುವಿಗೆ ತಮ್ಮ ಹೆಸರನ್ನೇ ಇಡಬೇಕೆಂದು ಮಾವ ಹಠ ಹಿಡಿದರು. ನಮ್ಮ ಮನೆಯಲ್ಲಿ ಹಿರಿಯರ ಹೆಸರು ಮಕ್ಕಳಿಗೆ ಬರುವುದು ಅವರು ತೀರಿಕೊಂಡ ಮೇಲೆಯೇ. ಬದುಕಿರುವಾಗ ಇಟ್ಟರೆ ಹಿರಿಯರಿಗೆ ಆಯುಷ್ಯವಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಅದನ್ನು ಮಾವನಿಗೆ ನೆನಪಿಸಿದೆ.

"ಹಳೇದು ಹೋಗದೆ ಹೊಸತಕ್ಕೆ ಆ ಹೆಸರು ಸಿಗುದಿಲ್ಲ ಮಾರಾಯ್ತಿ," ಎಂದರು. "ಹಡಗಿಗೂ ಅಷ್ಟೇ, ನಂಗೂ ಅಷ್ಟೇ."

ಮುದುಕರ ತಮಾಷೆ ಎಂದುಕೊಂಡೆ. ಮರುದಿನ ಹಾಸಿಗೆ ಕೊಡವುವಾಗ ಅವರ ತಲೆದಿಂಬಿನ ಅಡಿಯಲ್ಲಿ ನುಂಗದೆ ಬಚ್ಚಿಟ್ಟಿದ್ದ ಒಂದು ವಾರದ ಹೃದಯದ ಮಾತ್ರೆಗಳು ಸಿಕ್ಕಿದವು. ಬೈದೆ, ಅತ್ತುಬಿಟ್ಟೆ, ಎದುರು ನಿಂತು ನುಂಗಿಸಿದೆ. ಜನ ಮಗುವನ್ನು ಯಾವ ಹೆಸರಿನಿಂದಾದರೂ ಕರೆಯಲಿ, ಮೊದಲು ಕಿವಿಯಲ್ಲಿ ಹೇಳಿದ್ದೇ ನಿಜವಾದ ಹೆಸರು. ಅದು ಮಾವನದಾಗದೆ ದೇವರದಾಗಲಿ ಎಂದು ಗುಟ್ಟಾಗಿ ತೀರ್ಮಾನಿಸಿದೆ.

ನಾಮಕರಣ ಸೀವುಡ್ಸ್‌ನ ಬೀಗರ ಮನೆಯಲ್ಲಿ. ಮಗ ಇಲ್ಲದ್ದರಿಂದ ಕಿವಿಯಲ್ಲಿ ಹೆಸರು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದೇವರ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ತೊಟ್ಟಿಲಿಗೆ ಬಗ್ಗಿದೆ. ಅದೇ ಮೂಗು, ಅದೇ ಗಲ್ಲ. ಇಪ್ಪತ್ತೆಂಟು ವರ್ಷಗಳಿಂದ ನಾಲಿಗೆಗೆ ರೂಢಿಯಾದ ಹೆಸರು ತಾನಾಗಿ ಹೊರಬಂತು, ನನ್ನ ಮಗನದು. ಶಾಸ್ತ್ರದಂತೆ ಮೂರು ಸಲ ಹೇಳಿ ಮುಗಿಸಿದ ಮೇಲೆಯೇ ನನಗೆ ಅರಿವಾದದ್ದು.

ಏನು ಹೇಳಿದಿರಿ ಎಂದು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಸೊಸೆ ಮರಾಠಿಯಲ್ಲಿ ನಗುತ್ತ ಕೇಳಿದಳು. ಮಾವನ ಹೆಸರು ಎಂದು ಸುಳ್ಳು ಹೇಳಿದೆ. ಮಾವ ಖುಷಿಯಿಂದ ಎರಡು ಹೋಳಿಗೆ ತಿಂದರು. ಈಗಲೂ ಗುಂಡುಕಲ್ಲಿನ ಹಾಗೆ ಇದ್ದಾರೆ.

ಮಗನ ಹಡಗು ಬಂದರಿಗೆ ಬರಬೇಕಾದ ದಿನ ದಾಟಿ ಐದು ದಿನವಾಯಿತು. ತಡವಾಗುವುದು ಮಾಮೂಲು ಎನ್ನುತ್ತಾರೆ ಮಾವ. ಇರಬಹುದು. ಆದರೆ ಸೊಸೆ ಮಗುವನ್ನು ನನ್ನ ಮಡಿಲಿಗೆ ಕೊಡಲು ಬಂದರೆ, ಏನಾದರೊಂದು ಕೆಲಸದ ನೆವ ಹೇಳಿ ಎದ್ದುಹೋಗುತ್ತೇನೆ.