ಮೋಟಾರಿಗೆ ಮೊದಲ ಬಿಸಿನೀರು

ಇವತ್ತು ಬೆಳಿಗ್ಗೆ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಎದುರುಮನೆಯವರ ಹಳೇ ಕಾರು ಚಳಿಗೆ ಕೆಮ್ಮುತ್ತ ನಡುಗುತ್ತಿತ್ತು. ಪೆಟ್ರೋಲಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬ್ರಿಟಿಷರ ಕಾಲದ ಧಾರವಾಡಕ್ಕೆ ಹೋಗಿಬಿಟ್ಟೆ.

ಅಪ್ಪ ಅಲ್ಲಿ ಒಬ್ಬ ವಕೀಲರ ಮೋಟಾರಿನ ಡ್ರೈವರ್. ಅವರ ಬಂಗಲೆಯ ಹಿತ್ತಲಿನ ಕೋಣೆಯೇ ನಮ್ಮ ಮನೆ. ಚಳಿಗಾಲದಲ್ಲಿ ಎಂಜಿನ್ ತಡವರಿಸಿದರೆ ಅಪ್ಪ ಕಿವಿಗೊಟ್ಟು ಕೇಳಿ, "ಒಂದು ಪ್ಲಗ್ ಕಿಡಿ ಹಾರಸವಲ್ದು" ಎನ್ನುತ್ತಿದ್ದ. ಪ್ಲಗ್ಗುಗಳನ್ನು ಬಿಚ್ಚಿ, ಮಸಿ ಕೆರೆದು, ಅವ್ವನ ಒಲೆಯ ಕೆಂಡದ ಮೇಲೆ ಕಾಯಿಸುತ್ತಿದ್ದ. ಒಲೆಯ ಮೇಲಿನ ಬಿಸಿನೀರೂ ರೇಡಿಯೇಟರಿಗೇ ಹೋಗುತ್ತಿತ್ತು. ಅಪ್ಪನ ಕಿವಿ ಬಲು ಸೂಕ್ಷ್ಮವೆಂದು ಎಲ್ಲರೂ ಹೊಗಳುವವರೇ.

ಆ ವರ್ಷ ಅವ್ವನಿಗೆ ಬಿಡದ ಕೆಮ್ಮು. ಒಂದು ಬೆಳಿಗ್ಗೆ ಅವಳು ಕುಡಿಯಲೆಂದು ಕಾಯಿಸಿಕೊಂಡಿದ್ದ ನೀರಿಗೂ ಅಪ್ಪ ಕೈಹಾಕಿದ.

"ಅದರ ಕೆಮ್ಮು ನಿಮಗ ಕೇಳಸ್ತೈತಿ. ನಂದು ಕೇಳಸಂಗಿಲ್ಲೇನ್ರಿ?" ಎಂದಳು ಅವ್ವ.

"ಸಾಹೇಬ್ರಿಗೆ ಕೋರ್ಟಿಗೆ ಹೊತ್ತಾತು," ಎಂದು ಅಪ್ಪ ಚರಿಗೆ ಎತ್ತಿಕೊಂಡು ನಡೆದ.

ಯುಗಾದಿಯ ಹೊತ್ತಿಗೆ ಅವ್ವ ಇರಲಿಲ್ಲ. ಒಲೆ ಊದುವ ಕೆಲಸ ಮಗಳಾದ ನನಗೆ ಬಂತು. ಮೊದಲ ನೀರು ಆಗಲೂ ಮೋಟಾರಿಗೇ.

ಎದುರುಮನೆಯ ಕಾರಿನ ಒಂದು ಪ್ಲಗ್ ಕಿಡಿ ಹಾರಿಸುತ್ತಿಲ್ಲವೆಂದು ಒಳಗೆ ಕೂತೇ ನನಗೆ ತಿಳಿಯಿತು. ಅವ್ವ ಹೇಗೆ ಕೆಮ್ಮುತ್ತಿದ್ದಳೆಂಬುದು ಮಾತ್ರ ಏನು ಮಾಡಿದರೂ ನೆನಪಾಗಲೊಲ್ಲದು.