ಅಪ್ಪನ ನೀಲಿ ಕಾರಿಗೆ ಹೊಳಪು ಕೊಟ್ಟದ್ದು

ಹೊಳಪು ಅಂದರೆ ಎಣ್ಣೆ ಅಲ್ಲ. ಇಷ್ಟು ಹೇಳಿದರೆ ಸಾಕು, ನಮ್ಮ ರೋಣದಲ್ಲಿ ಜನ ಜಗಳಕ್ಕೆ ಬರುತ್ತಾರೆ. ಮದುವೆಗೆ ಹೊರಟ ಕಾರಿಗೆ ಶೇಂಗಾ ಎಣ್ಣೆಯಲ್ಲಿ ಒಂದಿಷ್ಟು ಡೀಸೆಲ್ ಬೆರೆಸಿ, ಹಳೆಯ ಬನಿಯನ್ನಿನಿಂದ ತಿಕ್ಕಿ, "ನೋಡ್ರಿ, ಕನ್ನಡಿ ಆದಂಗ ಆತು" ಎಂದು ಎದೆ ಉಬ್ಬಿಸುವವರ ಊರು ನಮ್ಮದು. ನನ್ನ ಅಣ್ಣ ಅಂಥವರಲ್ಲಿ ಮೊದಲನೆಯವನು. ಒಮ್ಮೆ ಹಾಗೆ ಎಣ್ಣೆ ಹಚ್ಚಿಕೊಂಡು ನರೇಗಲ್ಲಿಗೆ ಮದುವೆಗೆ ಹೋದ. ಸುಗ್ಗಿಯ ಕಾಲ. ಗಾಡಿಗಳು ತುಳಿಯಲಿ ಎಂದು ರೈತರು ಡಾಂಬರು ರಸ್ತೆಯ ಮೇಲೆಯೇ ಹುರುಳಿ ಹರಡಿದ್ದರು. ಮದುವೆಮನೆ ಮುಟ್ಟುವಷ್ಟರಲ್ಲಿ ಹೊಟ್ಟು, ಧೂಳು ಎಲ್ಲ ಅಂಟಿಕೊಂಡು ಕಾರಿಗೆ ಮೈತುಂಬ ಕೂದಲು ಬಂದಂತಾಗಿತ್ತು. ಅಷ್ಟಾದರೂ ಬುದ್ಧಿ ಬಂತೇ? ಮರುವರ್ಷವೂ ಅದೇ ಎಣ್ಣೆ!

ಆ ಕಾರು ಅಪ್ಪನದು. ಕಡು ನೀಲಿ ಬಣ್ಣ. ಅಪ್ಪ ಬಟ್ಟೆ ವ್ಯಾಪಾರಿ. ನರಗುಂದ, ಗಜೇಂದ್ರಗಡಕ್ಕೆಲ್ಲ ಅದರಲ್ಲಿಯೇ ಬಟ್ಟೆಯ ಗಂಟು ಹೇರಿಕೊಂಡು ಹೋಗುತ್ತಿದ್ದ. ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು, ಅಂಗಡಿಯಲ್ಲಿ ಉಳಿದ ಗಂಜಿ ಹಾಕಿದ ಹೊಸ ಬಟ್ಟೆಯ ತುಂಡು ತಂದು ಕಾರನ್ನು ಒರೆಸುತ್ತಿದ್ದ. ಹನಿ ನೀರು ಮುಟ್ಟಿಸುತ್ತಿರಲಿಲ್ಲ. ಕೆಳಗೆ ಎರೆಮಣ್ಣಿನ ಧೂಳು, ಮೇಲೆ ಗಂಜಿಯ ಒರಟು ಬಟ್ಟೆ. ಪ್ರೀತಿಯಿಂದಲೇ ಒರೆಸಿದ, ಪ್ರೀತಿಯಿಂದಲೇ ಗೀರಿದ. ಬಟ್ಟೆ ವ್ಯಾಪಾರಿಗೆ ಮಾತ್ರ ಸಾಧ್ಯವಾದ ತಪ್ಪು ಅದು. ಬೇರೆಯವರ ಮನೆಯಲ್ಲಿ ಕಾರು ಒರೆಸಲು ಹೊಸ ಬಟ್ಟೆ ಯಾರು ಕೊಡುತ್ತಾರೆ? ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ತುಂಬ ಸುತ್ತುಸುತ್ತಾಗಿ ಸಣ್ಣ ಗೆರೆಗಳು ಕಾಣುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಕಾರು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ವರ್ಷಗಟ್ಟಲೆ ನಿಂತಿತು. ಹಕ್ಕಿಯ ಹಿಕ್ಕೆ, ಗಿಡದ ಅಂಟು, ಧೂಳು ಮೆತ್ತಿ ನೀಲಿ ಹೋಗಿ ಬೂದಿ ಬಣ್ಣಕ್ಕೆ ತಿರುಗಿತು.

ಕಾರಿನ ಕಾಗದ ಅವ್ವನ ಹೆಸರಿಗಾಗಿತ್ತು, ಅದರ ಮೇಲಿನ ಮಾತು ಮಾತ್ರ ಅಣ್ಣನದು. ಬೇಸಿಗೆ ರಜೆಯಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಅವನು, "ಅದನ್ನ ಗುಜರಿಗೆ ಹಾಕಿ ಬಿಡ್ತೀನಿ. ಮನಿ ಮುಂದ ಸತ್ತ ಎಮ್ಮಿ ಬಿದ್ದಂಗ ಬಿದ್ದೈತಿ" ಅಂದ.

"ನನಗ ಕೊಡು. ನಾ ಓಡಸ್ತೀನಿ" ಅಂದೆ.

ನಾನು ಅಸೂಟಿಯ ಸಾಲೆಯಲ್ಲಿ ಟೀಚರು. ಕಾರು ಕಲಿತು ಲೈಸೆನ್ಸು ಮಾಡಿಸಿ ಕಪಾಟಿನಲ್ಲಿ ಇಟ್ಟಿದ್ದೆ, ಓಡಿಸಲು ಕಾರು ಇರಲಿಲ್ಲ. ಅವ್ವನಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಪುರ್ತಗೇರಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಬೇಕೆಂದರೂ ಬಾಡಿಗೆ ಗಾಡಿ ತರಲು ಅಣ್ಣನಿಗೆ ಬಿಡುವಾಗಬೇಕು, ಮನಸ್ಸೂ ಆಗಬೇಕು. "ನಾಳಿ ನೋಡೂಣು ತಗೋ" ಅನ್ನುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ. ಅವ್ವ ಉಟ್ಟ ಒಳ್ಳೆಯ ಸೀರೆ ಬಿಚ್ಚಿ ಮಡಚಿ ಇಡುವುದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಗಿತ್ತು. ನನಗೆ ಕಾರು ಬೇಕಾಗಿದ್ದದ್ದು ಮೆರೆಯಲಿಕ್ಕಲ್ಲ. ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಅವ್ವನನ್ನು ಕೂರಿಸಿಕೊಂಡು ಹೊರಡಲಿಕ್ಕೆ.

ಅಣ್ಣ ನಕ್ಕ. "ಇಂಥಾದ್ರಾಗ ನೀವು ಅಡ್ಡಾಡಿದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ. ಸಾಲಿ ಚಾಲೂ ಆಗೂದ್ರೊಳಗ ಇದನ್ನ ಕಾರ್ ಅನ್ನುವಂಗ ಮಾಡಿ ತೋರ್ಸು. ಆಮ್ಯಾಲ ಅದು ನಿಂದ."

"ಅವ್ವಾ, ಕೇಳಿಸ್ಕೊಂಡಿ ಇಲ್ಲೋ?" ಅಂದೆ. ಅವ್ವ ರೊಟ್ಟಿ ಮುರಿಯುತ್ತ ತಲೆಯಾಡಿಸಿದಳು.

ಮರುದಿನವೇ ಗಜೇಂದ್ರಗಡಕ್ಕೆ ಹೋದೆ. ಗಾಡಿಯ ಸಾಮಾನಿನ ಅಂಗಡಿಯವನು ಮೊದಲು ತೆಗೆದದ್ದು ಬಣ್ಣಬಣ್ಣದ ಸ್ಪ್ರೇ ಡಬ್ಬಿ. "ಇದನ್ನ ಹೊಡದು ಒರಸ್ರಿ ಮೇಡಮ್, ಶೋರೂಮಿನಿಂದ ತಂದಂಗ ಆಗ್ತೈತಿ." ಅವನ ಗಾಜಿನ ಮೇಜಿನ ಮೇಲೆಯೇ ಒಂಚೂರು ಹೊಡೆಸಿ ಬೆರಳಾಡಿಸಿದೆ. ಜಾರುತ್ತಿತ್ತು. ಮೇಲೆ ಒಂದಿಷ್ಟು ಧೂಳು ಉದುರಿಸಿ ಊದಿದೆ, ಧೂಳು ಹಾರಲಿಲ್ಲ. "ಇಂಥಾ ಜಿಡ್ಡು ನಮ್ಮ ಅಡಗಿಮನ್ಯಾಗನ ಐತ್ರಿ" ಎಂದು ಡಬ್ಬಿಯನ್ನು ಹಿಂದೆ ಸರಿಸಿದೆ. ಅವನ ಮುಖ ಸಪ್ಪಗಾಯಿತು. ಆಗಲಿ, ನನಗೇನು? ಕಾರು ತೊಳೆಯುವ ಶಾಂಪೂ, ದಪ್ಪ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಗಳು, ಗೀರು ತೆಗೆಯುವ ಪಾಲಿಶ್, ಮೇಣದ ಒಂದು ಡಬ್ಬಿ ತಂದೆ. ಬಣ್ಣಕ್ಕಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಉಂಡೆ ಅಲ್ಲಿ ಸಿಗಲಿಲ್ಲ, ಫೋನಿನಲ್ಲಿ ತರಿಸಿದೆ.

ಕಾರಿಗೆ ಹೊಳಪು ಕೊಡುವ ವಿಡಿಯೋಗಳನ್ನು ನೋಡಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಬ್ಬ ಮಾಡು ಅಂದದ್ದನ್ನು ಇನ್ನೊಬ್ಬ ಮಾಡಲೇಬೇಡ ಅನ್ನುತ್ತಾನೆ. ಎಲ್ಲರನ್ನೂ ಬಿಟ್ಟು ನನ್ನದೇ ಒಂದು ನಿಯಮ ಮಾಡಿಕೊಂಡೆ: ಏನೇ ತಂದರೂ ಮೊದಲು ಬಾಗಿಲಿನ ಕೆಳಗೆ, ಯಾರಿಗೂ ಕಾಣದ ಕಡೆ ಅಂಗೈಯಗಲ ಹಚ್ಚಿ ನೋಡುವುದು. ಅಲ್ಲಿ ಒಪ್ಪಿದರೆ ಬಾನೆಟ್ಟಿಗೆ. ತೊಳೆಯುವುದು ನೆರಳಿನಲ್ಲಿ, ಕಾರಿನ ತಗಡು ತಣ್ಣಗಿದ್ದಾಗ ಮಾತ್ರ. ಬಕೆಟ್ಟು ಎರಡು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆಯ ಮಣ್ಣು ಜಾಲಾಡಿಸಲು ಬರಿ ನೀರು. ಮೊದಲು ಛಾವಣಿ, ಆಮೇಲೆ ಬಾಗಿಲು, ಕೊನೆಗೆ ಗಾಲಿ. "ಬಟ್ಟಿ ಸೋಪಿನ ಪುಡಿ ಹಾಕಿ ತಿಕ್ಕಿದ್ರ ಮುಗೀತಪ" ಎಂದು ಅಣ್ಣ ಕಟ್ಟೆಯ ಮೇಲಿಂದಲೇ ಉಪದೇಶ ಕೊಟ್ಟ. ನಾನು ಕೇಳಿಸಿಕೊಳ್ಳಲೇ ಇಲ್ಲ.

ನೀರಿನದೇ ದೊಡ್ಡ ರಗಳೆ. ನಮ್ಮ ಬೋರಿನ ನೀರು ಸವಳು. ಕಾರಿನ ಮೇಲೆ ಆರಿದರೆ ಬಿಳಿ ಚುಕ್ಕೆಗಳಾಗಿ ಕಚ್ಚಿಕೊಂಡು ಬಿಡುತ್ತದೆ. ಅದಕ್ಕೇ ಕೊನೆಯ ಸಲ ಹಾಯಿಸಲು ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ತಂದೆ. ಎದುರು ಮನೆಯ ಅಕ್ಕ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಅಯ್ಯ ನಮ್ಮವ್ವಾ! ಕುಡಿಯೂ ನೀರಲೆ ಕಾರ್ ತೊಳೀತೀರೇನ್ರಿ ಟೀಚರ?"

"ಹೌದ್ರಿ. ನಿಮ್ಮ ಮನಿಯಾವ್ರು ದಿನಾ ಪೈಪ್ ಹಿಡಿದು ರಸ್ತಾಕ್ಕ ನೀರ್ ಕುಡಸ್ತಾರಲ್ಲ, ಅದಕ್ಕಿಂತ ಕಡಿಮಿನ ಐತ್ರಿ ಇದು."

ಬಾಗಿಲು ಧಡ್ ಎಂದು ಮುಚ್ಚಿತು. ಒಳಗಿನಿಂದ ನಗು ಕೇಳಿಸಿತು, ಆದ್ದರಿಂದ ಸಿಟ್ಟಾಗಿರಲಿಕ್ಕಿಲ್ಲ.

ಶಾಂಪೂ ನೀರು ಚಿಮುಕಿಸಿ ಆ ಉಂಡೆಯನ್ನು ಮೆಲ್ಲಗೆ ಆಡಿಸಿದಾಗ ಬೇವಿನ ಅಂಟೆಲ್ಲ ಎದ್ದು ಬಂತು. ತಗಡು ಗಾಜಿನಂತೆ ನುಣುಪಾಯಿತು. ಆಮೇಲೆ ಪಾಲಿಶ್. ಒಂದೊಂದು ಗೇಣು ಜಾಗ ಹಿಡಿದು ಕೈಯಿಂದಲೇ ತಿಕ್ಕಿದೆ. ರಟ್ಟೆ ಬಿದ್ದು ಹೋದವು. ಜಡೆ ಹಾಕಿಕೊಳ್ಳಲೂ ಕೈ ಮೇಲಕ್ಕೆ ಏಳುತ್ತಿರಲಿಲ್ಲ, ಅವ್ವನೇ ಹಾಕಿದಳು. ಆಳದ ಗೀರುಗಳು ಉಳಿದವು, ಮೇಲಿನವು ಒಂದೊಂದಾಗಿ ಮಾಯವಾದವು. ಅವು ಅಪ್ಪನ ಕೈ ಆಡಿದ ಗುರುತುಗಳು. ಒಂದು ಗಳಿಗೆ ನನ್ನ ಕೈ ನಿಂತಿತು. ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತೆ. ಅತ್ತು ಮುಗಿಸಿ ಮತ್ತೆ ತಿಕ್ಕಿದೆ. ಅಪ್ಪ ಎದುರಿಗಿದ್ದಿದ್ದರೂ ಆ ಗಂಜಿ ಬಟ್ಟೆಯನ್ನು ಅವನ ಕೈಯಿಂದ ಕಸಿದುಕೊಳ್ಳುತ್ತಿದ್ದೆ, ಖಂಡಿತ.

ಮೇಣ ಹಚ್ಚಿ ಒರೆಸಿದ ದಿನ ಕಾರು ನೀಲಿಯಾಯಿತು. ಬಾನೆಟ್ಟಿನಲ್ಲಿ ಬೇವಿನ ಎಲೆಗಳು ಕಾಣುತ್ತಿದ್ದವು. ಅಣ್ಣ ಎರಡು ಸುತ್ತು ಹಾಕಿದ. ಬಾಗಿ ನೋಡಿದ, ಅಂಗೈಯಿಂದ ಸವರಿದ. "ಏ, ಭಾಳ ಚಲೋ ಆಗೈತಲ್ಲ" ಎಂದ. ಗೆದ್ದೆ ಅಂದುಕೊಂಡೆ. ಹುಚ್ಚಿ ನಾನು.

ಬಂದ ಭಾನುವಾರ ಬ್ಯಾಟರಿ, ಬ್ರೇಕು ಎಲ್ಲ ಸರಿ ಮಾಡಿಸಿ ತಂದು ಕಾರು ನಿಲ್ಲಿಸಿದ್ದೆ. ಕೀಲಿಕೈ ಇನ್ನೂ ಕೈಯಲ್ಲಿತ್ತು. ಅಣ್ಣ ನರಗುಂದದಿಂದ ಒಬ್ಬ ಹಳೆ ಗಾಡಿಯ ವ್ಯಾಪಾರಿಯನ್ನು ಕರೆದುಕೊಂಡು ಬಂದ. ಆ ಮನುಷ್ಯ ಕಾರಿನ ಸುತ್ತ ತಿರುಗಿ, "ಬಣ್ಣ ಒಂದ ನಂಬರ್ ಐತ್ರಿ. ಯಾರ ಕಡೆ ಮಾಡ್ಸೀರಿ?" ಎಂದು ಕೇಳಿದ. "ಮನ್ಯಾಗ ಮಾಡ್ಸೀನ್ರಿ" ಅಂದ ಅಣ್ಣ, ನನ್ನ ಕಡೆ ನೋಡದೆ.

"ಅಣ್ಣಾ, ಇದು ನಂದು ಅಂದಿದ್ದಿ" ಅಂದೆ.

"ಆಗ ಅದು ಗುಜರಿ ಆಗಿತ್ತು. ಈಗ ಇದಕ್ಕ ಬೆಲಿ ಬಂದೈತಿ. ಹೆಣ್ಮಕ್ಕಳು ನಡುವ ಬಾಯಿ ಹಾಕಬ್ಯಾಡ್ರಿ."

ಅಂದರೆ ನಾನು ಇಷ್ಟು ದಿನ ರಟ್ಟೆ ಮುರಿದುಕೊಂಡದ್ದು ಅವನ ಮಾಲಿಗೆ! ಹೊಳಪು ಬಂದಷ್ಟೂ ಕಾರು ನನ್ನಿಂದ ದೂರ ಹೋಗಿತ್ತು. ವ್ಯಾಪಾರಿ ಎಡಗಡೆಯ ಬಾಗಿಲಿಗೆ ಕೈಯಿಟ್ಟ. ನಾನು ಅವನ ಕೈ ಸರಿಸಿ, ಕೀಲಿಕೈಯ ತುದಿಯನ್ನು ಮುಂದಿನ ಬಾಗಿಲಿಗೆ ಊರಿ ಹಿಂದಿನ ಬಾಗಿಲಿನ ಕೊನೆಯವರೆಗೂ ಎಳೆದೆ. ಕರ್ರ್ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು. ನೀಲಿಯ ಮೇಲೆ ಬೆಳ್ಳಗೆ ಒಂದು ಗೆರೆ.

"ಏ ಏ ಏ! ಏನ್ ಮಾಡಾಕತ್ತೀರಿ ಅಕ್ಕಾರ?" ವ್ಯಾಪಾರಿ ಹಿಂದಕ್ಕೆ ಜಿಗಿದ.

"ನನ್ನ ಕಾರಿಗೆ ಗೆರಿ ಎಳ್ಯಾಕತ್ತೀನ್ರಿ. ಇನ್ನೂ ಬೇಕೇನ್ರಿ ನಿಮಗ ಇದು? ಬೇಕಂದ್ರ ಇನ್ನೊಂದು ಎಳೀತೀನಿ."

"ತಲಿ ಕೆಟ್ಟೈತೇನ ನಿಂದು?" ಅಣ್ಣ ಕಿರುಚಿದ.

"ಕೆಟ್ಟಿದ್ದು ನನ್ನ ತಲಿ ಅಲ್ಲ, ನಿನ್ನ ಮಾತು."

ಕಟ್ಟೆಯ ಮೇಲೆ ಕುಳಿತಿದ್ದ ಅವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ನನಗೇ ಬೈಯುತ್ತಾಳೆ ಅಂದುಕೊಂಡೆ. ಅವಳು ಕಾರಿನ ಹತ್ತಿರ ಬಂದು ಆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, "ನಾವು ಮಾರೂದಿಲ್ಲೋ ತಮ್ಮಾ. ಬಿಸಲಾಗ ಬಂದೀ, ಚಹಾ ಕುಡದು ಹೋಗು" ಅಂದಳು. ಅಣ್ಣನ ಎದುರು ಅವಳು ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ವ್ಯಾಪಾರಿ ಚಹಾ ಬೇಡವೆಂದು ಬೈಕು ಹತ್ತಿದ. ಅಣ್ಣ ಒಳಗೆ ಹೋದ.

ಅವ್ವ ಗೀರು ಬಿದ್ದ ಬಾಗಿಲನ್ನೇ ತೆಗೆದು, ಒಂದೊಂದೇ ಕಾಲು ಎತ್ತಿ ಒಳಗಿಟ್ಟು ಕುಳಿತಳು. ಸೆರಗು ಸರಿ ಮಾಡಿಕೊಂಡಳು.

"ಇನ್ನ ಇದನ್ನ ಯಾರೂ ಒಯ್ಯಂಗಿಲ್ಲಲ್ಲ?" ಅಂದಳು.

"ಇಲ್ಲಬೇ."

"ಹಂಗಾರ ಯಾಕ ನಿಂತಿ? ನಡಿ."